ಕನ್ನಡಿಯ ಬೆನ್ನಿಗೊಂದು ಹಾಸಿಗೆ

ದೂರದರ್ಶಕವನ್ನು ತಾವೇ ತಯಾರಿಸಿಕೊಳ್ಳುವ ಹವ್ಯಾಸಿಗಳ ಮಾತು ಬಂದಾಗಲೆಲ್ಲ ನಾವು ಕೇಳುವುದು ಗಾಜನ್ನು ಉಜ್ಜುವ ಕತೆಯನ್ನು. ಒಂದರ ಮೇಲೊಂದು ಎರಡು ಗಾಜಿನ ಬಿಲ್ಲೆಗಳು, ನಡುವೆ ಸಾಣೆಯ ಪುಡಿ ಮತ್ತು ನೀರು, ತಿಂಗಳುಗಟ್ಟಲೆ ಹಿಂದಕ್ಕೂ ಮುಂದಕ್ಕೂ ಓಡುವ ಕೈ, ಕೊನೆಗೆ ಬೆಳ್ಳಿಯ ಅಥವಾ ಅಲ್ಯೂಮಿನಿಯಮ್ಮಿನ ಲೇಪ. ಇಷ್ಟೆಲ್ಲ ಆದ ಮೇಲೆ ಆ ಕನ್ನಡಿಯನ್ನು ಕೊಳವೆಯ ತಳದಲ್ಲಿ ಯಾವುದರ ಮೇಲೆ ಕೂರಿಸುತ್ತಾರೆ ಎಂದು ಕೇಳುವವರು ವಿರಳ. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ಆ ಪ್ರಶ್ನೆಯನ್ನು ಕೇಳಿದರು. ಅವರು ದೊಡ್ಡದೊಂದು ದೂರದರ್ಶಕವನ್ನು ಕಟ್ಟುತ್ತಿದ್ದಾರೆ. ‘ಪ್ಲಾಪ್’ ಎಂಬ ತಂತ್ರಾಂಶವು ಕನ್ನಡಿಯ ಬೆನ್ನಿಗೆ ಹದಿನೆಂಟು ಕಡೆ ಆಧಾರ ಕೊಡಬೇಕೆಂದು ಹೇಳಿ ಸ್ಥಾನಗಳನ್ನೂ ಗುರುತಿಸಿಕೊಟ್ಟಿದೆಯಂತೆ. “ಅದು ಹೇಳಿದಂತೆ ಮಾಡುತ್ತೇನೆ ಸರ್, ಆದರೆ ಏಕೆ ಹಾಗೆ ಹೇಳುತ್ತದೆ ಎಂಬುದು ತಿಳಿಯದೆ ಕೈ ಓಡುತ್ತಿಲ್ಲ” ಎಂದು ಬರೆದಿದ್ದರು. ಅವರಿಗೆ ಕೊಟ್ಟ ಉತ್ತರವೇ ಬೆಳೆದು ಈ ಲೇಖನವಾಗಿದೆ. ಇದರ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ.

ಮೊದಲು ನಿಮಗೆಲ್ಲ ಪರಿಚಿತವಾದ ಒಂದು ವಸ್ತುವಿನಿಂದ ಆರಂಭಿಸುತ್ತೇನೆ. ಪ್ಯಾರಿಸ್ಸಿನ ಬಳಿ ಇಟ್ಟಿರುವ ಪ್ಲಾಟಿನಂ–ಇರಿಡಿಯಂ ದಂಡದ ಮೇಲಿನ ಎರಡು ಗೀರುಗಳ ನಡುವಿನ ಅಂತರವೇ ಒಂದು ಮೀಟರ್ ಎಂದು ಒಂದು ಕಾಲದಲ್ಲಿ ಶಾಲೆಗಳಲ್ಲಿ ಕಲಿಸುತ್ತಿದ್ದರು. ಆದರೆ 1927ರಲ್ಲಿ ಅಂಗೀಕೃತವಾದ ವ್ಯಾಖ್ಯೆಯಲ್ಲಿ ಇನ್ನೊಂದು ಷರತ್ತಿತ್ತು, ಅದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದವು. ಆ ದಂಡವನ್ನು ಒಂದೇ ಮಟ್ಟದಲ್ಲಿರುವ ಎರಡು ಉರುಳೆಗಳ ಮೇಲೆ ಮಲಗಿಸಬೇಕು, ಉರುಳೆಗಳ ನಡುವಿನ ದೂರ 571 ಮಿಲಿಮೀಟರ್ ಇರಬೇಕು. ಏಕೆಂದರೆ ಲೋಹದ ದಂಡವೂ ತನ್ನದೇ ತೂಕಕ್ಕೆ ಬಾಗುತ್ತದೆ, ಬಾಗಿದರೆ ಗೀರುಗಳ ನಡುವಿನ ಅಂತರ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆಯಾದರೂ ಬದಲಾಗುತ್ತದೆ. ದಂಡದ ಪೂರ್ಣ ಉದ್ದ 102 ಸೆಂಟಿಮೀಟರ್. ಅದನ್ನು ಎಲ್ಲಿ ಆನಿಸಿದರೆ ಉದ್ದ ಅತ್ಯಂತ ಕಡಿಮೆ ಕೆಡುತ್ತದೆ ಎಂಬುದಕ್ಕೆ ಲೆಕ್ಕ ಹಾಕಿದರೆ ತುದಿಗಳಿಂದ ಉದ್ದದ ಶೇಕಡ 22ರಷ್ಟು ಒಳಗೆ ಎಂಬ ಉತ್ತರ ಬರುತ್ತದೆ. ಆ ಬಿಂದುಗಳಿಗೆ ಬೆಸೆಲ್ ಬಿಂದುಗಳೆಂದು ಹೆಸರು. 1838ರಲ್ಲಿ ನಕ್ಷತ್ರವೊಂದರ ದೂರವನ್ನು ಅಳೆದ ಜರ್ಮನಿಯ ಖಗೋಳಜ್ಞ ಫ್ರೀಡ್ರಿಕ್ ಬೆಸೆಲ್ ಅವರೇ ಇವರು.

ಒಂದು ವಸ್ತುವಿನ ಆಕಾರವು ಅದನ್ನು ಎಲ್ಲಿ ಆನಿಸಿದ್ದೇವೆ ಎಂಬುದನ್ನೂ ಅವಲಂಬಿಸಿರುತ್ತದೆ ಎಂಬ ಈ ಸತ್ಯ ದೂರದರ್ಶಕದ ಕನ್ನಡಿಗೆ ಇನ್ನೂ ಕಠೋರವಾಗಿ ಅನ್ವಯಿಸುತ್ತದೆ. ಎಷ್ಟು ಕಠೋರವೆಂದರೆ, ಒಳ್ಳೆಯ ಕನ್ನಡಿಯಿಂದ ಹೊರಟ ಬೆಳಕಿನ ತರಂಗಮುಖದಲ್ಲಿ ತರಂಗದೂರದ ಕಾಲು ಭಾಗಕ್ಕಿಂತ ಹೆಚ್ಚಿನ ದೋಷವಿರಕೂಡದು ಎಂಬುದು ಲಾರ್ಡ್ ರ‍್ಯಾಲೆ ಅವರ ಹೆಸರಿನಲ್ಲಿರುವ ಹಳೆಯ ನಿಯಮ. ಪ್ರತಿಫಲನದಲ್ಲಿ ದೋಷ ಇಮ್ಮಡಿಯಾಗುವುದರಿಂದ ಕನ್ನಡಿಯ ಮೇಲ್ಮೈಯಲ್ಲಿ ಅದರ ಅರ್ಧವಷ್ಟೇ ಇರಬಹುದು. ಹಸಿರು ಬೆಳಕಿನ ತರಂಗದೂರ 550 ನ್ಯಾನೊಮೀಟರ್ ಎಂದಿಟ್ಟುಕೊಂಡರೆ ಮೇಲ್ಮೈಯ ತಪ್ಪಿಗೆ ಇರುವ ಮಿತಿ ಸುಮಾರು 70 ನ್ಯಾನೊಮೀಟರ್. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಭಾಗ! ಅದೂ ಉಜ್ಜುವಾಗಿನ ತಪ್ಪು, ಚಳಿ ಬಿಸಿಲಿನ ವ್ಯತ್ಯಾಸ, ಆಧಾರದ ತಪ್ಪು ಎಲ್ಲವೂ ಸೇರಿ. ಆದ್ದರಿಂದ ಕನ್ನಡಿಯ ಹಾಸಿಗೆಯಿಂದ ಆಗುವ ತಪ್ಪು ಅದರಲ್ಲಿ ಒಂದು ಸಣ್ಣ ಪಾಲಾಗಿರಬೇಕು.

ಗಾಜು ಗಟ್ಟಿಯಲ್ಲವೇ, ಅದು ಬಾಗುತ್ತದೆಯೇ ಎಂದು ನೀವು ಕೇಳಬಹುದು. ಈ ಅಳತೆಯಲ್ಲಿ ನೋಡಿದರೆ ಗಾಜು ಹಸಿ ರೊಟ್ಟಿಯಂತೆ ಬಾಗುತ್ತದೆ. ಎಷ್ಟು ಬಾಗುತ್ತದೆಂಬುದಕ್ಕೆ ಫ್ರಾನ್ಸಿನ ಆಂದ್ರೆ ಕೂದೆರ್ 1931ರಲ್ಲಿ ವಿಸ್ತಾರವಾದ ಅಧ್ಯಯನ ಪ್ರಕಟಿಸಿದರು. ಒಂದೇ ಬಗೆಯ ಆಧಾರಗಳ ಮೇಲಿರುವ ಕನ್ನಡಿಗಳಲ್ಲಿ ಬಾಗು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ದಪ್ಪದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ. ಸೂತ್ರ ನೋಡಲು ನಿರಪಾಯಕಾರಿ. ಲೆಕ್ಕ ಮಾಡಿ ನೋಡಿ. ಆರು ಅಂಗುಲ ವ್ಯಾಸ, ಒಂದು ಅಂಗುಲ ದಪ್ಪದ ಕನ್ನಡಿಯೊಂದಿದೆ. ಇಪ್ಪತ್ತನಾಲ್ಕು ಅಂಗುಲ ವ್ಯಾಸ, ಎರಡು ಅಂಗುಲ ದಪ್ಪದ ಇನ್ನೊಂದಿದೆ. ವ್ಯಾಸ ನಾಲ್ಕರಷ್ಟಾದ್ದರಿಂದ ಬಾಗು 256ರಷ್ಟಾಗಬೇಕು, ದಪ್ಪ ಎರಡರಷ್ಟಾದ್ದರಿಂದ ಅದರ ನಾಲ್ಕನೆಯ ಒಂದಾಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ 64 ಪಟ್ಟು ಬಾಗುತ್ತದೆ. ಸಣ್ಣ ಕನ್ನಡಿಯ ಅನುಭವ ದೊಡ್ಡ ಕನ್ನಡಿಗೆ ಏಕೆ ಉಪಯೋಗಕ್ಕೆ ಬರುವುದಿಲ್ಲವೆಂಬುದು ಇಷ್ಟರಿಂದಲೇ ಸ್ಪಷ್ಟ.

ಕೂದೆರ್ ಸೂತ್ರವಾಗಿ ಹೇಳಿದ್ದನ್ನು ವಿಲಿಯಂ ಹರ್ಷೆಲ್ ಬಹಳ ಹಿಂದೆಯೇ ಹಣ ಕೊಟ್ಟು ಕಲಿತಿದ್ದರು. ತಮ್ಮ ನಲವತ್ತು ಅಡಿಯ ಪ್ರಸಿದ್ಧ ದೂರದರ್ಶಕಕ್ಕಾಗಿ 1785ರಲ್ಲಿ ಅವರು ಎರಕ ಹೊಯ್ಯಿಸಿದ ನಾಲ್ಕು ಅಡಿ ವ್ಯಾಸದ ಲೋಹದ ಕನ್ನಡಿ ತೆಳುವಾಯಿತು, ತನ್ನ ತೂಕಕ್ಕೆ ತಾನೇ ಆಕಾರ ಕಳೆದುಕೊಂಡಿತು. ಅದಕ್ಕಿಂತ ದಪ್ಪನೆಯ, ಹೆಚ್ಚು ತೂಕದ ಇನ್ನೊಂದನ್ನು ಎರಕ ಹೊಯ್ಯಬೇಕಾಯಿತು. ದೂರದರ್ಶಕ ಪೂರ್ಣಗೊಂಡದ್ದು 1789ರಲ್ಲಿ. ದಪ್ಪ ಮಾಡುವುದೇ ಆಗ ತಿಳಿದಿದ್ದ ಪರಿಹಾರ. ಆದರೆ ದಪ್ಪ ಹೆಚ್ಚಿದಂತೆ ತೂಕ ಹೆಚ್ಚುತ್ತದೆ, ಕೊಳವೆ ಮತ್ತು ಚೌಕಟ್ಟು ಭಾರವಾಗುತ್ತವೆ, ಹಗಲಿನ ಶಾಖ ಇಡೀ ರಾತ್ರಿ ಕನ್ನಡಿಯಿಂದ ಇಳಿಯುವುದಿಲ್ಲ. ಈ ದಾರಿ ಬಹು ದೂರ ಹೋಗುವಂಥದ್ದಲ್ಲ.

ಬೇರೆ ದಾರಿಯನ್ನು ತೋರಿಸಿದವರು ಡಬ್ಲಿನ್ನಿನ ಥಾಮಸ್ ಗ್ರಬ್. ಐರ್ಲೆಂಡಿನ ಆರ್ಮಾ ವೀಕ್ಷಣಾಲಯಕ್ಕಾಗಿ 1835ರಲ್ಲಿ ಅವರು ತಯಾರಿಸಿದ 15 ಅಂಗುಲದ ದೂರದರ್ಶಕದಲ್ಲಿ ಕನ್ನಡಿಯು ಒಂದು ಗಟ್ಟಿ ಹಲಗೆಯ ಮೇಲೆ ಕೂತಿರಲಿಲ್ಲ. ಸಮತೋಲದ ಸನ್ನೆಗಳ ಒಂದು ಗುಂಪು ಅದನ್ನು ಹೊತ್ತಿತ್ತು. ಈ ವ್ಯವಸ್ಥೆಗೆ ಇಂಗ್ಲಿಷಿನಲ್ಲಿ ‘ವಿಫಲ್‌ಟ್ರೀ’ ಎಂಬ ಹೆಸರು ನಿಂತಿದೆ. ಎರಡು ಕುದುರೆಗಳು ಒಂದು ಬಂಡಿಯನ್ನು ಎಳೆಯುವಾಗ ಇಬ್ಬರ ಎಳೆತವೂ ಸಮನಾಗಿರಲೆಂದು ನಡುವೆ ಕೀಲಿಟ್ಟು ಕಟ್ಟುವ ಅಡ್ಡಮರಕ್ಕೆ ಆ ಹೆಸರು. ಒಂದು ಕುದುರೆ ಮುಂದಾದರೆ ಮರ ಓರೆಯಾಗುತ್ತದೆಯೇ ಹೊರತು ಭಾರವೆಲ್ಲ ಇನ್ನೊಂದರ ಮೇಲೆ ಬೀಳುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ದೇವರ ಉತ್ಸವವೇ ಸಾಕು. ಭಾರವಾದ ಅಡ್ಡೆಯನ್ನು ಹೊರುವಾಗ ಉದ್ದನೆಯ ಬೊಂಬುಗಳಿಗೆ ಅಡ್ಡಲಾಗಿ ಚಿಕ್ಕ ಬೊಂಬುಗಳನ್ನು ಕಟ್ಟಿ, ಪ್ರತಿಯೊಂದರ ಎರಡು ತುದಿಗೂ ಹೆಗಲು ಕೊಟ್ಟರೆ ಭಾರ ಹಂಚಿಹೋಗುತ್ತದೆ. ಆದರೆ ಹೊರುವವರಲ್ಲಿ ಒಬ್ಬ ಎತ್ತರ, ಇನ್ನೊಬ್ಬ ಗಿಡ್ಡ. ಬೊಂಬನ್ನು ಬಿಗಿಯಾಗಿ ಕಟ್ಟಿದ್ದರೆ ಎತ್ತರದವನ ಹೆಗಲು ಮುರಿಯುತ್ತದೆ, ಗಿಡ್ಡನಿಗೆ ದೇವರು ಬರೀ ತಾಗುತ್ತಾನೆ. ಅಡ್ಡಬೊಂಬಿನ ನಡುವೆ ಕೀಲಿದ್ದು ಅದು ತಕ್ಕಡಿಯಂತೆ ಓಲಾಡುವಂತಿದ್ದರೆ ಇಬ್ಬರ ಹೆಗಲಿನ ಎತ್ತರ ಹೇಗೇ ಇರಲಿ, ಭಾರ ಸಮಪಾಲು. ಗ್ರಬ್ ಕನ್ನಡಿಗೆ ಮಾಡಿದ್ದು ಇದನ್ನೇ. ಕೆಳಗೆ ಮೂರೇ ಮೂರು ಸ್ಥಿರ ಕೀಲುಗಳು. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗಾಡದು, ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಅಲ್ಲಾಡದು. ಆ ಮೂರರ ಮೇಲೆ ಒಂದೊಂದು ತ್ರಿಕೋನ ಫಲಕವನ್ನು ಅದರ ಸಮತೋಲದ ಬಿಂದುವಿನಲ್ಲಿ ಕೂರಿಸಿದರೆ ಒಂಬತ್ತು ಮೂಲೆಗಳಾದವು, ಒಂಬತ್ತು ಆಧಾರಗಳಾದವು. ಮೂರು ಕೀಲುಗಳ ಮೇಲೆ ಮೂರು ಸಲಾಕೆ, ಪ್ರತಿ ಸಲಾಕೆಯ ಎರಡು ತುದಿಗೂ ಒಂದೊಂದು ತ್ರಿಕೋನ ಇಟ್ಟರೆ ಹದಿನೆಂಟು. ತ್ರಿಕೋನದ ಮೂಲೆಗಳ ಮೇಲೆ ಮತ್ತೆ ತ್ರಿಕೋನಗಳನ್ನು ಇಟ್ಟರೆ ಇಪ್ಪತ್ತೇಳು. ಎಷ್ಟು ಬೆಳೆಸಿದರೂ ಎಲ್ಲವೂ ಓಲಾಡುತ್ತವೆ, ಯಾವುದೂ ಕನ್ನಡಿಯನ್ನು ತನ್ನಷ್ಟಕ್ಕೆ ತಾನು ಎತ್ತಿ ತಿವಿಯುವುದಿಲ್ಲ.

ಲಾರ್ಡ್ ರಾಸ್ ತಮ್ಮ ಬರ್ ಕೋಟೆಯ ಅಂಗಳದಲ್ಲಿ 1845ರಲ್ಲಿ ನಿಲ್ಲಿಸಿದ ಆರು ಅಡಿ ವ್ಯಾಸದ ಮಹಾ ದೂರದರ್ಶಕದಲ್ಲಿಯೂ ಗ್ರಬ್‌ರ ಈ ವಿಧಾನವೇ ಇತ್ತು. ಅದರ ಕನ್ನಡಿಯ ತೂಕ ಸುಮಾರು ಮೂರು ಟನ್. ಮೊದಲು 27 ಆಧಾರಗಳಿದ್ದವು, ಮುಂದೆ 81ಕ್ಕೆ ಏರಿಸಿದರು. ಆ ದೂರದರ್ಶಕದಲ್ಲಿ ಅದೇ ವರ್ಷ ಎಂ 51 ನೀಹಾರಿಕೆಯ ಸುರುಳಿ ಆಕಾರ ಮೊತ್ತಮೊದಲ ಬಾರಿಗೆ ಮನುಷ್ಯರ ಕಣ್ಣಿಗೆ ಬಿತ್ತು. ಸುರುಳಿಯ ಚಿತ್ರವನ್ನು ಎಲ್ಲ ಪುಸ್ತಕಗಳೂ ಅಚ್ಚು ಹಾಕುತ್ತವೆ. ಕನ್ನಡಿಯ ಕೆಳಗಿದ್ದ ಸನ್ನೆಗಳ ಚಿತ್ರವನ್ನು ಹಾಕಿದ ಪುಸ್ತಕ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಇಂಗ್ಲೆಂಡಿನ ವಿಲಿಯಂ ಲಸೆಲ್ ಪ್ರತಿಭಾರವಿರುವ ಇನ್ನೊಂದು ಬಗೆಯ ಸನ್ನೆಯನ್ನು ಬಳಕೆಗೆ ತಂದರು. ಅದು ವೃತ್ತಿನಿರತ ವೀಕ್ಷಣಾಲಯಗಳ ಕಡೆಗೆ ಸಾಗಿತು. 1948ರಲ್ಲಿ ಉದ್ಘಾಟನೆಯಾದ ಪಾಲೋಮಾರ್ ಬೆಟ್ಟದ 200 ಅಂಗುಲದ ಕನ್ನಡಿಯ ಬೆನ್ನಿನಲ್ಲಿ ಪ್ರತಿಭಾರಗಳುಳ್ಳ 36 ಸನ್ನೆ ಯಂತ್ರಗಳಿವೆ.

ಹವ್ಯಾಸಿಗಳಿಗೆ ಬಹುಕಾಲ ಇದಾವುದರ ಅಗತ್ಯವೇ ಬೀಳಲಿಲ್ಲ. 1920ರ ದಶಕದಲ್ಲಿ ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ರಸೆಲ್ ಪೋರ್ಟರ್ ಅಲ್ಲಿನ ಯಂತ್ರ ಕಾರ್ಖಾನೆಗಳ ಕೆಲಸಗಾರರಿಗೆ ಕನ್ನಡಿ ಉಜ್ಜುವುದನ್ನು ಕಲಿಸಿದರು. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಆಲ್ಬರ್ಟ್ ಇಂಗಲ್ಸ್ 1925ರಲ್ಲಿ ಅದರ ಬಗ್ಗೆ ಬರೆದು ದೇಶವಿಡೀ ಸುದ್ದಿ ಹರಡಿದರು. ಆಗ ಹೆಚ್ಚಿನವರು ಉಜ್ಜುತ್ತಿದ್ದುದು ಆರು ಅಂಗುಲ, ಎಂಟು ಅಂಗುಲದ ಕನ್ನಡಿಗಳನ್ನು. ದಪ್ಪ ವ್ಯಾಸದ ಆರನೆಯ ಒಂದು ಭಾಗ ಇರಬೇಕೆಂಬುದು ಗುರುವಾಕ್ಯದಂತೆ ಪ್ರಚಲಿತವಾಯಿತು. ಅಷ್ಟು ದಪ್ಪದ ಸಣ್ಣ ಕನ್ನಡಿಯನ್ನು ಮೂರು ಬಿಂದುಗಳ ಮೇಲೆ ಎಲ್ಲಿ ಇಟ್ಟರೂ ನಡೆಯುತ್ತದೆ.

ದೊಡ್ಡ ಕನ್ನಡಿಗಳಿಗೆ ಕೈ ಹಾಕಿದವರಿಗೆ ಇಂಗ್ಲೆಂಡಿನ ಜೆ. ಎಚ್. ಹಿಂಡಲ್ ಆಧಾರವಾದರು. ಇಂಗಲ್ಸ್ ಸಂಪಾದಿಸಿದ ‘ಅಮೆಚೂರ್ ಟೆಲಿಸ್ಕೋಪ್ ಮೇಕಿಂಗ್’ ಗ್ರಂಥಮಾಲೆಯಲ್ಲಿ ಒಂಬತ್ತು ಮತ್ತು ಹದಿನೆಂಟು ಬಿಂದುಗಳ ಆಧಾರವನ್ನು ಹೇಗೆ ಲೆಕ್ಕ ಹಾಕಬೇಕೆಂದು ಅವರು ವಿವರಿಸಿದರು. ಅದರ ತಿರುಳು ನ್ಯಾಯಬದ್ಧವಾದ ಪಾಲುಹಂಚಿಕೆ: ಪ್ರತಿ ಬಿಂದುವೂ ಕನ್ನಡಿಯ ಸಮಾನ ತೂಕವನ್ನು ಹೊರಬೇಕು. ಹದಿನೆಂಟು ಬಿಂದುಗಳಲ್ಲಿ ಒಳ ವೃತ್ತದಲ್ಲಿ ಆರು, ಹೊರ ವೃತ್ತದಲ್ಲಿ ಹನ್ನೆರಡು. ಆದ್ದರಿಂದ ಒಳಗಿನ ಆರಕ್ಕೆ ತೂಕದ ಮೂರನೆಯ ಒಂದು ಭಾಗ, ಹೊರಗಿನ ಹನ್ನೆರಡಕ್ಕೆ ಮಿಕ್ಕಿದ್ದು. ವಿಸ್ತೀರ್ಣದ ಮೂರನೆಯ ಒಂದು ಭಾಗವನ್ನು ಒಳಗೊಂಡ ವೃತ್ತದ ತ್ರಿಜ್ಯ ಕನ್ನಡಿಯ ತ್ರಿಜ್ಯದ 0.577 ಭಾಗ. ಆ ಎಲ್ಲೆಯ ಒಳಗೂ ಹೊರಗೂ ಬಿಂದುಗಳನ್ನು ಹಂಚಬೇಕು. ಹತ್ತನೆಯ ತರಗತಿಯ ರೇಖಾಗಣಿತ ಸಾಕು, ಕಾಗದ ಪೆನ್ಸಿಲು ಸಾಕು. ಇದೇ ನ್ಯಾಯದ ಪ್ರಕಾರ ಮೂರು ಬಿಂದುಗಳ ಆಧಾರವನ್ನು ವಿಸ್ತೀರ್ಣವನ್ನು ಸಮನಾಗಿ ಒಡೆಯುವ ವೃತ್ತದ ಮೇಲೆ, ಅಂದರೆ ತ್ರಿಜ್ಯದ ಶೇಕಡ 70ರ ಬಳಿ ಇಡುವುದು ರೂಢಿಯಾಯಿತು. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಇದಕ್ಕೆ ಕೆಲಸವಿದೆ.

ಈ ನೆಮ್ಮದಿಯ ಲೋಕವನ್ನು ಕದಡಿದವರು ಒಬ್ಬ ಸಂನ್ಯಾಸಿ. ಜಾನ್ ಡಾಬ್ಸನ್ 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದವರು, ರಸಾಯನಶಾಸ್ತ್ರ ಓದಿದವರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶ್ರೀರಾಮಕೃಷ್ಣ ಸಂಪ್ರದಾಯದ ವೇದಾಂತ ಮಠವನ್ನು ಸೇರಿದರು. ಸ್ವಾಮಿ ಅಶೋಕಾನಂದರು ಅವರ ಗುರುಗಳು. ಮಠವಾಸಿಗೆ ಹಣವೆಲ್ಲಿಯದು? ಹಡಗಿನ ಕಿಟಕಿಗಳಿಂದ ಕಳಚಿದ ದಪ್ಪ ಗಾಜು ಅವರ ಕಚ್ಚಾ ವಸ್ತುವಾಯಿತು. ಹನ್ನೆರಡು ಅಂಗುಲದ ಅಂಥ ಗಾಜಿನಿಂದ 1956ರಲ್ಲಿ ಅವರು ಕನ್ನಡಿ ಮಾಡಿದರು. ಆರನೆಯ ಒಂದು ಭಾಗದ ನಿಯಮಕ್ಕೆ ಅದು ಹೊಂದುತ್ತಿರಲಿಲ್ಲ, ಆದರೆ ಸಿಕ್ಕಿದ ಗಾಜು ಅಷ್ಟೇ. ದೂರದರ್ಶಕದ ಹುಚ್ಚು ಮಠದ ಕಟ್ಟುಪಾಡಿಗೆ ಒಗ್ಗದೆ 1967ರಲ್ಲಿ ಅವರು ಹೊರಬರಬೇಕಾಯಿತು. ಮರುವರ್ಷವೇ ಬೀದಿಬದಿಯಲ್ಲಿ ದಾರಿಹೋಕರಿಗೆ ಚಂದ್ರನನ್ನೂ ಶನಿಯನ್ನೂ ತೋರಿಸುವ ಸಂಘ ಸ್ಥಾಪನೆಯಾಯಿತು. ಪ್ಲೈವುಡ್ಡಿನ ಪೆಟ್ಟಿಗೆ, ರಟ್ಟಿನ ಕೊಳವೆ, ಅದರೊಳಗೆ ತೆಳುವಾದ ದೊಡ್ಡ ಕನ್ನಡಿ, ಕನ್ನಡಿಯ ಅಂಚು ಜಾರದಂತೆ ಕೆಳಗಿನಿಂದ ತೊಟ್ಟಿಲಿನಂತೆ ಹಿಡಿಯುವ ಒಂದು ಪಟ್ಟಿ. ಅವರು 2014ರಲ್ಲಿ ತೀರಿಕೊಂಡಾಗ ಪ್ರಪಂಚದಾದ್ಯಂತ ‘ಡಾಬ್ಸೋನಿಯನ್’ ಎಂಬುದು ದೂರದರ್ಶಕದ ಒಂದು ಜಾತಿಯ ಹೆಸರೇ ಆಗಿಹೋಗಿತ್ತು. ವೇದಾಂತಿಯೊಬ್ಬರು ಯಂತ್ರಶಾಸ್ತ್ರಕ್ಕೆ ಕೊಟ್ಟ ಕಾಣಿಕೆ ಎಂದು ನನಗೆ ಇವರ ಬಗ್ಗೆ ಸ್ವಲ್ಪ ಪಕ್ಷಪಾತವೇ ಇದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಡಾಬ್ಸನ್‌ರ ಉದ್ದೇಶ ದಾರಿಹೋಕರಿಗೆ ಆಕಾಶ ತೋರಿಸುವುದು, ಅದಕ್ಕೆ ಅವರ ಆಧಾರಗಳು ಸಾಕಾಗುತ್ತಿದ್ದವು. ಅವರ ಹಾದಿಯಲ್ಲಿ ಬಂದವರಿಗೆ ಅಷ್ಟು ಸಾಲಲಿಲ್ಲ. 1980ರ ನಂತರ ಹದಿಮೂರು ಅಂಗುಲ, ಹದಿನೇಳು ಅಂಗುಲ, ಇಪ್ಪತ್ತು ಅಂಗುಲಗಳ ತೆಳು ಕನ್ನಡಿಗಳು ಹವ್ಯಾಸಿಗಳ ಕೈಗೆ ಬಂದವು. ಅವುಗಳಲ್ಲಿ ಗುರುಗ್ರಹದ ಪಟ್ಟೆಗಳನ್ನು ನಿಚ್ಚಳವಾಗಿ ನೋಡಬೇಕೆಂಬ ಆಸೆ ಹುಟ್ಟಿತು. ಆಗ ನಕ್ಷತ್ರಗಳು ಚುಕ್ಕೆಗಳಾಗುವ ಬದಲು ಮೂರು ಮೂಲೆಯವಾಗಿಯೋ ಉದ್ದುದ್ದವಾಗಿಯೋ ಕಾಣಿಸತೊಡಗಿದವು. ಕನ್ನಡಿಯನ್ನು ಉಜ್ಜಿದವನು ತನ್ನ ಕೈಯನ್ನು ಸಂಶಯಿಸಿದ, ಗಾಜನ್ನು ಕೊಂಡವನು ಮಾರಿದವನನ್ನು ಸಂಶಯಿಸಿದ. ಎಷ್ಟೋ ಸಂದರ್ಭಗಳಲ್ಲಿ ಕನ್ನಡಿ ನಿರ್ದೋಷಿಯಾಗಿತ್ತು, ತಪ್ಪಿದ್ದುದು ಅದರ ಹಾಸಿಗೆಯಲ್ಲಿ. ಹೀಗೆ ಕಾಗದ ಪೆನ್ಸಿಲಿನ ಸಮಪಾಲಿನ ಲೆಕ್ಕ ನಿಜವಾಗಿ ಎಷ್ಟು ಒಳ್ಳೆಯದು ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹೇಳಲು ಕನ್ನಡಿ ಪ್ರತಿ ಬಿಂದುವಿನಲ್ಲಿ ಎಷ್ಟು ಬಾಗಿದೆ ಎಂದು ತಿಳಿಯಬೇಕು. ವೃತ್ತಾಕಾರದ ಫಲಕವೊಂದನ್ನು ಹದಿನೆಂಟು ಕಡೆ ಆನಿಸಿದರೆ ಅದರ ಬಾಗನ್ನು ಕೈಲೆಕ್ಕದಲ್ಲಿ ಸಾಧಿಸುವುದು ಸಾಮಾನ್ಯರಿಗೆ ಅಸಾಧ್ಯ.

ಅಷ್ಟರಲ್ಲಿ ವಿಮಾನ ಕಟ್ಟುವವರು ಇದಕ್ಕೊಂದು ವಿಧಾನವನ್ನು ಬೆಳೆಸಿದ್ದರು. ಸಂಕೀರ್ಣವಾದ ವಸ್ತುವನ್ನು ಮನಸ್ಸಿನಲ್ಲೇ ನೂರಾರು ಸಣ್ಣ ತ್ರಿಕೋನಗಳಾಗಿ ಕತ್ತರಿಸಿ, ಒಂದೊಂದು ತುಣುಕೂ ಹೇಗೆ ಬಾಗುತ್ತದೆಂಬ ಸರಳ ಸಮೀಕರಣ ಬರೆದು, ಪಕ್ಕದ ತುಣುಕುಗಳು ಅಂಚಿನಲ್ಲಿ ಒಂದಕ್ಕೊಂದು ಹೊಂದಿಕೊಳ್ಳಲೇಬೇಕೆಂಬ ಷರತ್ತು ಹಾಕಿ, ಎಲ್ಲ ಸಮೀಕರಣಗಳನ್ನೂ ಒಟ್ಟಿಗೆ ಬಿಡಿಸುವುದು. ಗಣಿತಜ್ಞ ರಿಚರ್ಡ್ ಕೂರಾಂಟ್ 1943ರಲ್ಲಿ ಇದರ ಬೀಜ ಬಿತ್ತಿದರು. 1956ರಲ್ಲಿ ಟರ್ನರ್, ಕ್ಲಫ್ ಮತ್ತು ಸಂಗಡಿಗರು ವಿಮಾನದ ರಚನೆಗೆ ಅನ್ವಯಿಸಿದರು. ಕ್ಲಫ್ 1960ರಲ್ಲಿ ಇದಕ್ಕೆ ‘ಫೈನೈಟ್ ಎಲಿಮೆಂಟ್’ ಎಂದು ಹೆಸರಿಟ್ಟರು. ನೂರಾರು ಸಮೀಕರಣಗಳನ್ನು ಬಿಡಿಸಲು ಕೋಣೆ ತುಂಬುವ ಗಣಕಯಂತ್ರ ಬೇಕಾಗಿದ್ದ ಕಾಲ ಅದು. 1990ರ ದಶಕಕ್ಕೆ ಬರುವಾಗ ಅದೇ ಸಾಮರ್ಥ್ಯ ಮನೆಯ ಮೇಜಿನ ಮೇಲೆ ಕುಳಿತಿತ್ತು.

ಜಪಾನಿನ ತೋಷಿಮಿ ತಾಕಿ ವೃತ್ತಿಯಿಂದ ಎಂಜಿನಿಯರ್, ಪ್ರವೃತ್ತಿಯಿಂದ ಖಗೋಳ ಹವ್ಯಾಸಿ. ಗಣಕದ ನೆರವಿನಿಂದ ದೂರದರ್ಶಕವನ್ನು ನಕ್ಷತ್ರದ ಕಡೆಗೆ ತಿರುಗಿಸುವ ಗಣಿತದ ಬಗ್ಗೆ 1989ರಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಬರೆದವರು. ಕನ್ನಡಿಯ ಬಾಗನ್ನು ಈ ತುಣುಕು ವಿಧಾನದಿಂದ ಲೆಕ್ಕ ಹಾಕುವ ‘ಪ್ಲೇಟ್’ ಎಂಬ ತಂತ್ರಾಂಶವನ್ನು ಬರೆದು ಇತರ ಹವ್ಯಾಸಿಗಳಿಗೆ ದೊರೆಯುವಂತೆ ಮಾಡಿದರು. ಆಧಾರಗಳು ಎಲ್ಲಿವೆ ಎಂದು ನೀವು ಹೇಳಿದರೆ ಕನ್ನಡಿ ಎಷ್ಟು ಬಾಗುತ್ತದೆಂದು ಅದು ಹೇಳುತ್ತಿತ್ತು. ಎಲ್ಲಿ ಇಟ್ಟರೆ ಒಳ್ಳೆಯದು ಎಂಬ ತಿರುಗುಮುರುಗು ಪ್ರಶ್ನೆ ಉಳಿದಿತ್ತು. ಅದನ್ನು ಕೈಗೆತ್ತಿಕೊಂಡವರು ಕೆನಡಾದ ಟೊರಾಂಟೊ ನಗರದ ಡೇವಿಡ್ ಲೂಯಿಸ್. ತಾಕಿಯವರ ಲೆಕ್ಕದ ತಿರುಳನ್ನೇ ಆಧಾರವಾಗಿಟ್ಟುಕೊಂಡು, ಬಿಂದುಗಳನ್ನು ತಾನೇ ಸ್ವಲ್ಪಸ್ವಲ್ಪವಾಗಿ ಸರಿಸಿ, ಮತ್ತೆ ಲೆಕ್ಕ ಮಾಡಿ, ಉತ್ತಮವಾದ ಸ್ಥಾನ ಸಿಗುವವರೆಗೂ ಹುಡುಕುವ ತಂತ್ರಾಂಶವನ್ನು 1990ರ ದಶಕದ ಕೊನೆಯಲ್ಲಿ ಅವರು ಸಿದ್ಧಪಡಿಸಿದರು. ‘ಪ್ಲೇಟ್ ಆಪ್ಟಿಮೈಸರ್’ ಎಂಬುದನ್ನು ಕತ್ತರಿಸಿ ಅದಕ್ಕೆ ‘ಪ್ಲಾಪ್’ ಎಂದು ನಾಮಕರಣವಾಯಿತು. ಅವರೂ ಅದನ್ನು ಉಚಿತವಾಗಿಯೇ ಕೊಟ್ಟರು.

ಆರಂಭದಲ್ಲಿ ಇದು ಒರಟು ಸರಕು. ಕನ್ನಡಿಯ ವಿವರಗಳನ್ನೆಲ್ಲ ಒಂದು ಕಡತದಲ್ಲಿ ಸಾಲುಸಾಲಾಗಿ ಟೈಪು ಮಾಡಬೇಕಿತ್ತು. ಆಮೇಲೆ ಕಿಟಕಿ, ಗುಂಡಿಗಳಿರುವ ರೂಪ ಬಂದಿತು. ವ್ಯಾಸ, ದಪ್ಪ, ಸಂಗಮದೂರ, ಚಿಕ್ಕ ಕನ್ನಡಿಯ ಅಳತೆ, ಗಾಜಿನ ಜಾತಿ, ಎಷ್ಟು ಬಿಂದುಗಳು, ಇಷ್ಟನ್ನು ತುಂಬಿದರೆ ಸಾಕು. ಗಾಜಿನ ಜಾತಿ ಏಕೆಂದರೆ ಪೈರೆಕ್ಸಿಗೂ ಸಾಧಾರಣ ಗಾಜಿಗೂ ಸಾಂದ್ರತೆ ಬೇರೆ, ಯಂಗ್‌ನ ಗುಣಾಂಕ ಬೇರೆ, ಪಾಯ್ಸನ್ ಅನುಪಾತ ಬೇರೆ. ಸ್ಥಿತಿಸ್ಥಾಪಕತ್ವದ ಪಾಠದಲ್ಲಿ ಯಂಗ್‌ನ ಗುಣಾಂಕ ಏತಕ್ಕೆ ಉಪಯೋಗ ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರಿಗೆ ಇದೋ, ತಡವಾಗಿಯಾದರೂ ಉತ್ತರ. ತಂತ್ರಾಂಶ ಬಿಂದುಗಳ ಸ್ಥಾನವನ್ನೂ ಸಲಾಕೆ, ತ್ರಿಕೋನಗಳ ಅಳತೆಯನ್ನೂ ಉಳಿಯುವ ತಪ್ಪನ್ನೂ ಕೊಡುತ್ತದೆ. ಬಣ್ಣಬಣ್ಣದ ನಕ್ಷೆಯಲ್ಲಿ ಕನ್ನಡಿಯ ಉಬ್ಬುತಗ್ಗುಗಳನ್ನು ಗುಡ್ಡ ಕಣಿವೆಗಳಂತೆ ತೋರಿಸುತ್ತದೆ.

ಈಗ ಅದು ಕಂಡುಕೊಟ್ಟ ಉತ್ತರಕ್ಕೆ ಬರೋಣ. ಮೂರು ಬಿಂದುಗಳ ಆಧಾರವನ್ನು ಎಲ್ಲಿಡಬೇಕೆಂದು ಪ್ಲಾಪನ್ನು ಕೇಳಿದರೆ ಅದು ತ್ರಿಜ್ಯದ ಶೇಕಡ 70 ಎನ್ನುವುದಿಲ್ಲ, ಸುಮಾರು 40 ಎನ್ನುತ್ತದೆ! ದಶಕಗಳ ರೂಢಿ ಒಂದೇ ಲೆಕ್ಕದಲ್ಲಿ ಅರ್ಧದಷ್ಟು ಒಳಗೆ ಸರಿಯಿತು. ಮೊದಲ ಬಾರಿ ಇದನ್ನು ಓದಿದಾಗ ನನಗೂ ನಂಬಿಕೆ ಬರಲಿಲ್ಲ. ಅಷ್ಟು ಒಳಗೆ ಇಟ್ಟರೆ ಕನ್ನಡಿಯ ಅಂಚು ಸುತ್ತಲೂ ಜೋತುಬೀಳುವುದಿಲ್ಲವೇ?

ಜೋತುಬೀಳುತ್ತದೆ. ಅದೇ ಇಲ್ಲಿನ ಸ್ವಾರಸ್ಯ. ಅಂಚು ಸುತ್ತಲೂ ಸಮನಾಗಿ, ಮೆಲ್ಲಮೆಲ್ಲನೆ ಇಳಿದರೆ ನಿಮ್ನ ಕನ್ನಡಿಯ ಗುಳಿ ಒಂದಿಷ್ಟು ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಆಕಾರವೂ ಬಹುಮಟ್ಟಿಗೆ ಪರವಲಯವೇ. ಅದರ ಸಂಗಮದೂರ ಅತ್ಯಲ್ಪ ಹೆಚ್ಚುತ್ತದೆ, ಅಷ್ಟೇ. ನೋಡುವವನು ನೇತ್ರಕವನ್ನು ಕೂದಲಿನಷ್ಟೂ ಇಲ್ಲದ ದೂರ ಸರಿಸಿದರೆ ಆ ತಪ್ಪು ಪೂರ್ತಿ ಅಳಿದುಹೋಗುತ್ತದೆ. ಹೇಗೂ ಪ್ರತಿ ರಾತ್ರಿ ಅವನು ನೇತ್ರಕವನ್ನು ಹೊಂದಿಸಿಯೇ ನೋಡುತ್ತಾನೆ. ಬಿಂದುಗಳನ್ನು ಶೇಕಡ 70ರಲ್ಲಿ ಇಟ್ಟಾಗ ಒಟ್ಟು ಇಳಿತ ಕಡಿಮೆಯಾಗಬಹುದು, ಆದರೆ ಬಿಂದುಗಳ ಮೇಲೆ ಅಂಚು ಉಬ್ಬಿ ನಡುನಡುವೆ ತಗ್ಗಿ ಮೂರು ಎಸಳಿನ ಆಕಾರ ಉಳಿಯುತ್ತದೆ. ನೇತ್ರಕವನ್ನು ಎಷ್ಟು ತಿರುಗಿಸಿದರೂ ಆ ಎಸಳುಗಳು ಹೋಗುವುದಿಲ್ಲ.

ಹಿಂಡಲ್‌ರ ಲೆಕ್ಕ ತಪ್ಪಾಗಿರಲಿಲ್ಲ. ಅದು ಭಾರ ನ್ಯಾಯವಾಗಿ ಹಂಚಿದೆಯೇ ಎಂದು ಕೇಳುತ್ತಿತ್ತು, ಹಂಚಿದೆ ಎಂಬ ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ಲೂಯಿಸ್ ಕೇಳಿದ್ದು, ಕಣ್ಣಿಗೆ ತಾಗುವ ತಪ್ಪು ಎಷ್ಟು ಉಳಿಯುತ್ತದೆ ಎಂದು. ಈ ಎರಡು ಪ್ರಶ್ನೆಗಳ ಉತ್ತರ ಒಂದೇ ಇರಬೇಕಾಗಿಲ್ಲ ಎಂಬುದು ಅಷ್ಟು ವರ್ಷ ಬೆಳಕಿಗೆ ಬಾರದಿದ್ದುದಕ್ಕೆ ಕಾರಣ, ಎರಡನೆಯ ಪ್ರಶ್ನೆಯನ್ನು ಮನೆಯಲ್ಲಿ ಕುಳಿತು ಕೇಳುವ ಸಾಧನ ಯಾರಲ್ಲಿಯೂ ಇಲ್ಲದ್ದು. ಹದಿನೆಂಟು ಬಿಂದುಗಳ ಆಧಾರದಲ್ಲಿಯೂ ಹೀಗೆಯೇ. ಒಳಗಿನ ಬಿಂದುಗಳೂ ಹೊರಗಿನ ಬಿಂದುಗಳೂ ಸಮಾನ ಭಾರ ಹೊರಲೇಬೇಕೆಂಬ ಹಟವನ್ನು ಬಿಟ್ಟು, ಸಲಾಕೆಯ ಅಥವಾ ತ್ರಿಕೋನದ ಕೀಲನ್ನು ಕೊಂಚ ಸರಿಸಿದರೆ ಉಳಿಯುವ ತಪ್ಪು ಇನ್ನೂ ಇಳಿಯಬಹುದು. ಆಧಾರದಿಂದ ಮೇಲ್ಮೈಗೆ ಆಗುವ ಸರಾಸರಿ ತಪ್ಪು ತರಂಗದೂರದ 128ನೆಯ ಒಂದು ಭಾಗ, ಅಂದರೆ ನಾಲ್ಕು ನ್ಯಾನೊಮೀಟರಿನ ಆಸುಪಾಸು ಇದ್ದರೆ ಸಾಕೆಂದು ಹಲವು ಹವ್ಯಾಸಿಗಳು ಇಟ್ಟುಕೊಂಡಿದ್ದಾರೆ. ಎಷ್ಟು ಬಿಂದುಗಳು ಬೇಕೆಂಬುದನ್ನು ಅದರಿಂದ ನಿರ್ಧರಿಸುತ್ತಾರೆ. ಅನಾವಶ್ಯಕವಾಗಿ ಇಪ್ಪತ್ತೇಳು ಬಿಂದುಗಳ ಜಟಿಲ ಯಂತ್ರ ಕಟ್ಟುವುದೂ ತಪ್ಪಿತು, ಮೂರರಲ್ಲಿ ಮುಗಿಸಿ ಪೇಚಾಡುವುದೂ ತಪ್ಪಿತು.

ತಂತ್ರಾಂಶಕ್ಕೆ ತಿಳಿಯದ ಸಂಗತಿಗಳೂ ಇವೆ. ಅದು ಊಹಿಸಿಕೊಳ್ಳುವ ಕನ್ನಡಿ ಆಕಾಶದ ನಡುನೆತ್ತಿಯನ್ನು ನೋಡುತ್ತ ಅಂಗಾತ ಮಲಗಿದೆ. ನಿಜವಾದ ಕನ್ನಡಿ ಗುರುಗ್ರಹ ದಿಗಂತದ ಬಳಿ ಇರುವಾಗ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಆಗ ಭಾರ ಬೆನ್ನಿನಿಂದ ಅಂಚಿಗೆ ವರ್ಗವಾಗುತ್ತದೆ. ಡಾಬ್ಸನ್‌ರ ಪಟ್ಟಿಯ ತೊಟ್ಟಿಲು ಬೇಕೋ, ಎರಡು ಕಡೆ ಉರುಳೆ ಬೇಕೋ, ಅಂಚಿಗೂ ಒಂದು ಓಲಾಡುವ ಸಲಾಕೆ ಬೇಕೋ ಎಂಬುದು ಬೇರೆಯೇ ಲೆಕ್ಕ. ಅದಕ್ಕೆ ಬೆಲ್ಜಿಯಂನ ರಾಬರ್ಟ್ ಹೂಡಾರ್ಟ್ ಒಂದು ಗಣನ ಸಾಧನವನ್ನು ಮಾಡಿದರು. ಚದುರಂಗದ ಅಭಿಮಾನಿಗಳಿಗೆ ಈ ಹೆಸರು ಪರಿಚಿತವಿರಬೇಕು. ‘ಹೂಡಿನಿ’ ಎಂಬ ಪ್ರಬಲ ಚದುರಂಗ ತಂತ್ರಾಂಶದ ಕರ್ತೃ ಅವರೇ. ಕನ್ನಡಿಯನ್ನು ಬೆನ್ನಿನ ಬಿಂದುಗಳಿಗೆ ಗಟ್ಟಿಯಾದ ಅಂಟಿನಿಂದ ಅಂಟಿಸಿದರೆ ಏನಾಗುತ್ತದೆ, ಕೀಲು ತುಕ್ಕು ಹಿಡಿದು ಓಲಾಡದಿದ್ದರೆ ಏನಾಗುತ್ತದೆ ಎಂಬುದನ್ನೂ ಪ್ಲಾಪ್ ಹೇಳಲಾರದು. ಕೀಲು ಬಿಗಿದರೆ ಸನ್ನೆ ಸನ್ನೆಯಾಗಿ ಉಳಿಯುವುದಿಲ್ಲ, ಉತ್ಸವದ ಬಿಗಿಬೊಂಬಿನ ಗತಿಯೇ ಆಗುತ್ತದೆ. ಬಿಂದುಗಳ ಸ್ಥಾನ ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಚಿಂತೆಯಿಲ್ಲ ಎಂಬುದನ್ನು ಮಾತ್ರ ಅದೇ ತಂತ್ರಾಂಶದಲ್ಲಿ ಸಂಖ್ಯೆ ಬದಲಿಸಿ ಪರೀಕ್ಷಿಸಬಹುದು. ಗರಗಸ ಹಿಡಿದು ಪ್ಲೈವುಡ್ ಕೊಯ್ಯುವವರಿಗೆ ಅದಕ್ಕಿಂತ ದೊಡ್ಡ ಸಮಾಧಾನ ಬೇರೆಯಿಲ್ಲ. ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದೂ ಅದನ್ನೇ. ಉತ್ತರವನ್ನು ನಕಲು ಮಾಡುವ ಮೊದಲು ಬಿಂದುಗಳನ್ನು ಬೇಕೆಂದೇ ತಪ್ಪು ಜಾಗಕ್ಕೆ ಸರಿಸಿ ನಕ್ಷೆ ಹೇಗೆ ಕೆಡುತ್ತದೆಂದು ನೋಡಪ್ಪ, ಒಂದು ಸಂಜೆಯಲ್ಲಿ ಅರ್ಥವಾಗುತ್ತದೆ.

ಗ್ರಬ್‌ರ ಸನ್ನೆಗಳು ಹವ್ಯಾಸಿಗಳ ಕೈಯಲ್ಲಷ್ಟೇ ಉಳಿದಿವೆ ಎಂದು ಭಾವಿಸಬೇಡಿ. ಹವಾಯಿ ದ್ವೀಪದ ಕೆಕ್ ದೂರದರ್ಶಕಗಳಲ್ಲಿ ಒಂದೊಂದಕ್ಕೂ 36 ಷಟ್ಕೋನ ಕನ್ನಡಿಗಳಿವೆ. ಪ್ರತಿ ಕನ್ನಡಿಯನ್ನೂ ಮೂರು ವಿಫಲ್‌ಟ್ರೀಗಳು 36 ಬಿಂದುಗಳಲ್ಲಿ ಹೊತ್ತಿವೆ. ಭಾರತವೂ ಪಾಲುದಾರನಾಗಿರುವ ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲಿ 492 ಕನ್ನಡಿಗಳಿವೆ. ಒಂದೊಂದೂ 1.44 ಮೀಟರ್ ಅಗಲ, ದಪ್ಪ 45 ಮಿಲಿಮೀಟರ್ ಮಾತ್ರ. ಪೋರ್ಟರ್‌ರ ಶಿಷ್ಯರು ಆರನೆಯ ಒಂದು ಭಾಗ ಎನ್ನುತ್ತಿದ್ದರು, ಇದು ಮೂವತ್ತೆರಡನೆಯ ಒಂದು ಭಾಗ. ಅಷ್ಟು ತೆಳ್ಳಗಿನ ಗಾಜಿನ ಕೆಳಗೆ ಒಂಬತ್ತು ಬಿಂದುಗಳ ಮೂರು ವಿಫಲ್‌ಟ್ರೀಗಳು, ಒಟ್ಟು 27 ಬಿಂದುಗಳು. ಆ ದೂರದರ್ಶಕ ಎಂದು ನಿಲ್ಲುವುದೋ, ಎಲ್ಲಿ ನಿಲ್ಲುವುದೋ ಇನ್ನೂ ನಿಶ್ಚಯವಾಗಿಲ್ಲ. ಆದರೆ ಅದರ ಕನ್ನಡಿಗಳಿಗೆ ಹೊಳಪು ಕೊಡಲು ಭಾರತೀಯ ಖಭೌತ ಸಂಸ್ಥೆಯು ನಮ್ಮ ಹೊಸಕೋಟೆಯ ಆವರಣದಲ್ಲಿ ಕಾರ್ಯಾಗಾರವನ್ನು ಕಟ್ಟಿದೆ. ಕನ್ನಡಿಯನ್ನು ಹೊರುವ ಆ ಸನ್ನೆಗಳ ಮಾದರಿಗಳನ್ನು ತಯಾರಿಸಿದ ಸಂಸ್ಥೆಗಳಲ್ಲಿ ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಕೂಡ ಒಂದು. 492 ಕನ್ನಡಿಗಳಿಗೆ ತಲಾ 27ರಂತೆ ಒಟ್ಟು ಎಷ್ಟು ಆಧಾರಬಿಂದುಗಳಾದವು ಎಂಬುದನ್ನು ನೀವೇ ಗುಣಿಸಿ ನೋಡಿ. ಕ್ಯಾಲ್ಕುಲೇಟರ್ ಮುಟ್ಟದೆ.